ಮೇಲೆ ಕೆಳಗೆ ಓಡಾಡುವ ಒಂದು ಡಬ್ಬಿ

ಸ್ಟುಟ್‌ಗಾರ್ಟ್‌ನಲ್ಲಿ ಡಿಸೆಂಬರಿನ ಸೂರ್ಯ ನಾಲ್ಕೂವರೆಗೆಲ್ಲ ಮುಳುಗಿಬಿಡುತ್ತಾನೆ. ಆ ಕತ್ತಲನ್ನೇ ಜರ್ಮನರು ಹಬ್ಬದ ಸಿದ್ಧತೆಗೆ ಬಳಸಿಕೊಳ್ಳುವ ರೀತಿ, ಹನ್ನೊಂದು ಚಳಿಗಾಲಗಳನ್ನು ಇಲ್ಲಿ ಕಳೆದ ನನಗೆ ಇಂದಿಗೂ ಸೋಜಿಗವೇ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ, ಹಸಿರು ಟೊಂಗೆಗಳನ್ನು ಸಿಂಬಿಯಂತೆ ಸುತ್ತಿ ಅದರ ಮೇಲೆ ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಾ ಹೋಗುತ್ತಾರೆ. 1839ರಲ್ಲಿ ಹ್ಯಾಂಬರ್ಗ್‌ನ ಯೋಹಾನ್ ಹಿನ್‌ರಿಶ್ ವಿಶರ್ನ್ ಎಂಬ ಪಾದ್ರಿ, ತಾನು ಸಾಕುತ್ತಿದ್ದ ಬಡಮಕ್ಕಳು ಹಬ್ಬ ಯಾವಾಗ ಎಂದು ದಿನವೂ ಪೀಡಿಸುತ್ತಿದ್ದುದರಿಂದ, ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿ ದಿನ ಎಣಿಸಲು ಕಲಿಸಿದನಂತೆ. ಹೀಗೆ ಕಾಯುವುದು ನಮಗೂ ಹೊಸದಲ್ಲ. ಧನುರ್ಮಾಸದ ನಸುಕಿನಲ್ಲಿ ದೇವಸ್ಥಾನದ ಹುಗ್ಗಿಗೆ ದೊನ್ನೆ ಹಿಡಿದು ನಿಲ್ಲುತ್ತಿದ್ದ ಮೈಸೂರು ಸೀಮೆಯ ಮಕ್ಕಳಿಗೆ ಸಂಕ್ರಾಂತಿಯ ದೂರ ಚೆನ್ನಾಗಿಯೇ ಗೊತ್ತಿತ್ತು.

ಇಲ್ಲಿನ ಸ್ವಾಬಿಯನ್ ಜನ ಈ ದಿನಗಳಲ್ಲಿ ಮಾಡುವ ಸ್ಪ್ರಿಂಗರ್‌ಲೆ ಎಂಬ ಸೋಂಪಿನ ಬಿಸ್ಕತ್ತನ್ನು ಮೊದಲ ಬಾರಿ ಕಂಡಾಗ ನನಗೆ ನೆನಪಾದದ್ದು ಸಕ್ಕರೆ ಅಚ್ಚು. ಹೂವು, ಹಕ್ಕಿ, ಕುದುರೆಗಳನ್ನು ಕೆತ್ತಿದ ಮರದ ಅಚ್ಚನ್ನು ಹಿಟ್ಟಿನ ಮೇಲೆ ಒತ್ತಿ, ಒಂದು ರಾತ್ರಿ ಆರಲು ಬಿಟ್ಟು, ಮರುದಿನ ಹದವಾದ ಕಾವಿನಲ್ಲಿ ಬೇಯಿಸಿದರೆ, ಮೇಲಿನ ಚಿತ್ತಾರ ಬೆಳ್ಳಗೆ ಉಳಿದು ಅಡಿಭಾಗ ಮಾತ್ರ ಪಾದದಂತೆ ಉಬ್ಬಿಕೊಳ್ಳುತ್ತದೆ. ನಮ್ಮಲ್ಲಾದರೋ ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ, ಕಟ್ಟಿ, ಪಾಕವನ್ನು ಹುಯ್ಯಬೇಕು. ಕೈ ತುಸು ತಡವಾದರೂ ಪಾಕ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ. ಒಮ್ಮೆ ಇಲ್ಲಿಗೆ ಬಂದಿದ್ದ ನಮ್ಮಮ್ಮ, ಮೊಟ್ಟೆ ಬೆರೆತಿದೆ ಎಂಬ ಕಾರಣಕ್ಕೆ ಆ ಬಿಸ್ಕತ್ತನ್ನು ಮುಟ್ಟಲಿಲ್ಲ, ಆದರೆ ಅಚ್ಚನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ, ‘ಇದು ನಮ್ಮದೇ ಕಣೋ’ ಎಂದರು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡ ಜರ್ಮನರ ಹಬ್ಬ ಮಾತ್ರ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಡಿಸೆಂಬರ್ 24ರ ಮಧ್ಯಾಹ್ನ ಎರಡಕ್ಕೆ ಕಾನೂನಿನ ಪ್ರಕಾರವೇ ಅಂಗಡಿಗಳು ಮುಚ್ಚುತ್ತವೆ. 25 ಮತ್ತು 26 ರಜೆ. ಅನೇಕ ಮನೆಗಳಲ್ಲಿ ಆ ಸಂಜೆ ಆಲೂಗಡ್ಡೆ ಸಲಾಡು ಮತ್ತು ಸಾಸೇಜಿನ ಸರಳ ಊಟ, ಬಳಿಕ ಮರದಡಿಯ ಉಡುಗೊರೆಗಳು. ವ್ಯಾಪಾರವನ್ನು ನಿಲ್ಲಿಸಿ ಜನರನ್ನು ಮನೆಗೆ ಕಳುಹಿಸುವ ಈ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಸಂಜೆ ನಿರ್ಜನ ಬೀದಿಯಲ್ಲಿ ಕಿಟಕಿಗಳ ಬೆಳಕನ್ನು ಹೊರಗಿನಿಂದ ನೋಡುತ್ತಾ ನಡೆದವನಿಗೆ ಗೊತ್ತು, ಅಲ್ಲಿಗೆ ಕರೆಯದೆ ಹೋಗುವಂತಿಲ್ಲ. ಜನವರಿ 6ರ ಆಸುಪಾಸಿನಲ್ಲಿ ಶಿಶು ಯೇಸುವನ್ನು ಕಾಣಲು ಬಂದರೆನ್ನುವ ಮೂವರು ರಾಜರ ವೇಷ ತೊಟ್ಟ ಮಕ್ಕಳು ಮನೆಮನೆಗೆ ಬಂದು ಹಾಡಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹರಕೆಯ ಅಕ್ಷರಗಳನ್ನು ಬರೆದು ಹೋಗುತ್ತಾರೆಂಬುದೇನೋ ನಿಜ, ಆದರೂ ಅದು ಹಬ್ಬ ಮುಗಿದ ಮೇಲಿನ ಮಾತು.

ಎಳ್ಳು ಬೀರುವುದಕ್ಕೆ ಆಹ್ವಾನದ ಹಂಗಿಲ್ಲ. ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಒಂದು ಸಕ್ಕರೆ ಅಚ್ಚು ಇಟ್ಟುಕೊಂಡು ಹೊರಟ ಹೆಣ್ಣುಮಗುವಿಗೆ ಬೀದಿಯ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತಿದ್ದವು, ವರ್ಷವಿಡೀ ಮಾತು ಬಿಟ್ಟಿದ್ದ ಮನೆಯದೂ ಸೇರಿ. ನನ್ನ ದೃಷ್ಟಿಯಲ್ಲಿ ಸಂಕ್ರಾಂತಿಯೆಂದರೆ ಮುಖ್ಯವಾಗಿ ಈ ಓಡಾಟವೇ. ಹೀಗಿರುವಾಗ ಬೆಂಗಳೂರಿನ ನನ್ನ ಬಂಧುಗಳು ಅಂಗಡಿಯ ಪೊಟ್ಟಣವನ್ನು ಅಪಾರ್ಟ್‌ಮೆಂಟಿನ ಕಾವಲುಗಾರನ ಬಳಿ ಇಟ್ಟು, ಫೋನಿನಲ್ಲಿ ಶುಭಾಶಯದ ಚಿತ್ರ ಕಳುಹಿಸಿ ಕೈತೊಳೆದುಕೊಳ್ಳುವುದನ್ನು ಕಂಡರೆ ಬೇಸರವಾಗುತ್ತದೆ. ಪೊಟ್ಟಣ ಕೊಂಡದ್ದಕ್ಕೆ ನನ್ನ ತಕರಾರಿಲ್ಲ; ಕೊಬ್ಬರಿಯ ಕಪ್ಪು ತುರಿದು, ಸಣ್ಣಗೆ ಹೆಚ್ಚಿ, ಬಿಸಿಲಿಗಿಟ್ಟು, ಅಡಕೊತ್ತಿನಲ್ಲಿ ಬೆಲ್ಲ ಕತ್ತರಿಸುವ ಶ್ರಮವೆಲ್ಲ ಹೆಂಗಸರ ಪಾಲಿಗೇ ಬೀಳುತ್ತಿತ್ತು. ಆದರೆ ಲಿಫ್ಟು ಹತ್ತಿ ಬಾಗಿಲು ತಟ್ಟಲು ಯಾವ ಶ್ರಮ?

ನಾಲ್ಕು ವರ್ಷಗಳ ಹಿಂದೆ ಕೆಳಮನೆಯ ವೃದ್ಧೆ ತಗಡಿನ ಡಬ್ಬಿಯೊಂದರಲ್ಲಿ ಸ್ಪ್ರಿಂಗರ್‌ಲೆ ತುಂಬಿ ಕೊಟ್ಟಿದ್ದರು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಮನೆಯ ಪಾಠದಂತೆ, ಜನವರಿಯಲ್ಲಿ ಅದೇ ಡಬ್ಬಿಗೆ ಎಳ್ಳು-ಬೆಲ್ಲ ತುಂಬಿ ಒಯ್ದೆ. ‘ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಿ’ ಎಂಬುದನ್ನು ಜರ್ಮನ್ ಭಾಷೆಗೆ ತಿರುಗಿಸಿ ಹೇಳಿದಾಗ, ಕಳೆದ ವರ್ಷ ನಾನೇನಾದರೂ ಕೆಟ್ಟದ್ದು ಆಡಿದೆನೇ ಎಂದು ಅವರು ಗಾಬರಿಯಿಂದ ಕೇಳಿದರು. ವಿವರಿಸಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಕಳೆದು ಎರಡು ಬಾರಿ ಕಾಫಿಯಾಗಿತ್ತು. ಈ ಡಿಸೆಂಬರಿನಲ್ಲೂ ಡಬ್ಬಿ ತುಂಬಿಕೊಂಡು ಮೇಲೆ ಬಂದಿದೆ. ನಾನಿನ್ನೂ ಕೊಬ್ಬರಿ ಹೆಚ್ಚಲು ಕುಳಿತಿಲ್ಲ.