ಮೊಳಕೆಗೆ ಕೊಡುವ ಬಹುಮಾನ

2013ರ ಅಕ್ಟೋಬರ್ 30ರ ರಾತ್ರಿ, ಅಂದರೆ ನಮ್ಮಲ್ಲಿ ಮರುದಿನದ ಬೆಳಕು ಹರಿಯುವ ಮೊದಲೇ, ಫಿಲಡೆಲ್ಫಿಯಾ ತಂಡದ ಮೈಕಲ್ ಕಾರ್ಟರ್-ವಿಲಿಯಮ್ಸ್ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ತಮ್ಮ ಚೊಚ್ಚಲ ಪಂದ್ಯ ಆಡಿದರು. ಎದುರಿಗಿದ್ದದ್ದು ಸತತ ಎರಡು ವರ್ಷ ಚಾಂಪಿಯನ್ ಆಗಿದ್ದ, ಲೆಬ್ರಾನ್ ಜೇಮ್ಸ್ ಅವರ ಮಯಾಮಿ ಹೀಟ್. ಆ ಪಂದ್ಯದಲ್ಲಿ ಅವರು 22 ಅಂಕ, 12 ಅಸಿಸ್ಟ್ (ಅಂಕ ತಂದುಕೊಟ್ಟ ಪಾಸ್), 7 ರಿಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡು ಹಿಡಿದದ್ದು) ಪಡೆದದ್ದಲ್ಲದೆ ಎದುರಾಳಿಗಳ ಕೈಯಿಂದ 9 ಬಾರಿ ಚೆಂಡು ಕಸಿದರು. ಫಿಲಡೆಲ್ಫಿಯಾ 114-110ರಿಂದ ಗೆದ್ದಿತು. ಸೀಸನ್ ಮುಗಿದಾಗ ವರ್ಷದ ಶ್ರೇಷ್ಠ ರೂಕಿ, ಅಂದರೆ ಮೊದಲ ವರ್ಷದ ಆಟಗಾರ, ಪ್ರಶಸ್ತಿಯೂ ಅವರಿಗೇ ಬಂತು.

ಅದೇ ಸೀಸನ್ನಿನಲ್ಲಿ ಮಿಲ್ವಾಕಿ ತಂಡದಲ್ಲಿ ಇನ್ನೊಬ್ಬ ಹೊಸಬರಿದ್ದರು. ಅಥೆನ್ಸ್ ನಗರದಲ್ಲಿ ನೈಜೀರಿಯಾ ಮೂಲದ ಬಡ ಕುಟುಂಬದಲ್ಲಿ ಹುಟ್ಟಿ, ಬೀದಿಯಲ್ಲಿ ಸಣ್ಣಪುಟ್ಟ ಸಾಮಾನು ಮಾರಿ, ಗ್ರೀಸ್ ದೇಶದ ಎರಡನೇ ದರ್ಜೆಯ ಲೀಗ್‌ನಿಂದ ನೇರವಾಗಿ ಬಂದಿದ್ದ 18 ವರ್ಷದ ಯಾನಿಸ್ ಅಂಟೆಟೊಕುಂಪೊ. ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 15ನೆಯವರಾಗಿ ಆಯ್ಕೆಯಾಗಿದ್ದ ಅವರ ಸರಾಸರಿ 6.8 ಅಂಕ. ಪ್ರಶಸ್ತಿಗೆ ಮತ ಹಾಕಿದ ಪತ್ರಕರ್ತರನ್ನು ನಾನು ದೂರುವುದಿಲ್ಲ, ಆ ವರ್ಷದ ಆಟ ನೋಡಿದ ಯಾರೇ ಆದರೂ ಕಾರ್ಟರ್-ವಿಲಿಯಮ್ಸ್ ಹೆಸರನ್ನೇ ಬರೆಯುತ್ತಿದ್ದರು. ನನ್ನ ತಕರಾರು ಇರುವುದು ಈ ಪ್ರಶಸ್ತಿ ಏನನ್ನು ಅಳೆಯುತ್ತದೆ ಎಂದು ನಾವು ನಂಬಿದ್ದೇವೆಯೋ ಆ ನಂಬಿಕೆಯ ಬಗ್ಗೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವು ಕ್ರೀಡೆಗೂ ಹಾಗೆಯೇ ಅನ್ವಯಿಸುತ್ತೇವೆ. ಆದರೆ ಮೊದಲ ವರ್ಷದ ಅಂಕಿಗಳಲ್ಲಿ ಆಟಗಾರನ ಸಿರಿಗಿಂತ ಅವನನ್ನು ನೆಟ್ಟ ಮಡಿಯ ಸ್ಥಿತಿಯೇ ಹೆಚ್ಚು ಕಾಣುತ್ತದೆ.

ಫಿಲಡೆಲ್ಫಿಯಾದ ಮಡಿ ಹೇಗಿತ್ತು ನೋಡಿ. ತಂಡವನ್ನು ಬುಡದಿಂದ ಕಟ್ಟಬೇಕೆಂದು ಹೊರಟ ಅಲ್ಲಿನ ಆಡಳಿತ, ಡ್ರಾಫ್ಟ್ ನಡೆದ ರಾತ್ರಿಯೇ ತಂಡದ ಆಟ ನಡೆಸುವ ತನ್ನ ಪಾಯಿಂಟ್ ಗಾರ್ಡ್ ಜ್ರೂ ಹಾಲಿಡೇ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟುಬಿಟ್ಟಿತು. ಖಾಲಿಯಾದ ಆ ಜಾಗಕ್ಕೆ ಬಂದ 22ರ ಹರೆಯದ ಕಾರ್ಟರ್-ವಿಲಿಯಮ್ಸ್ ಪ್ರತಿ ಪಂದ್ಯದಲ್ಲಿ 34 ನಿಮಿಷಕ್ಕೂ ಹೆಚ್ಚು ಕಾಲ ಅಂಗಣದಲ್ಲಿದ್ದರು, ಚೆಂಡು ಸದಾ ಅವರ ಕೈಯಲ್ಲಿತ್ತು, ತಂಡವೋ ಲೀಗ್‌ನಲ್ಲೇ ಅತಿ ವೇಗವಾಗಿ ಆಡುತ್ತಿತ್ತು. ಹೀಗಾಗಿ 16.7 ಅಂಕ, 6.3 ಅಸಿಸ್ಟ್, 6.2 ರಿಬೌಂಡ್‌ಗಳ ಸರಾಸರಿ ಬಂತು. ಅದರೊಡನೆ ಸತತ 26 ಸೋಲುಗಳೂ ಬಂದವು. ಮೂರು ಅಂಕದ ಗೆರೆಯಾಚೆಯಿಂದ ಎಸೆದ ನಾಲ್ಕರಲ್ಲಿ ಸುಮಾರು ಒಂದಷ್ಟೇ ಬುಟ್ಟಿಗೆ ಬೀಳುತ್ತಿದ್ದುದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ, ಎದುರಾಳಿ ತರಬೇತುದಾರರ ಹೊರತು. ಎಸೆಯಲು ಬಾರದ ಗಾರ್ಡ್‌ನನ್ನು ದೂರದಿಂದಲೇ ಕಾಯ್ದು, ಒಳನುಗ್ಗುವ ದಾರಿಯನ್ನು ಮುಚ್ಚಿಬಿಡಬಹುದೆಂದು ಅವರು ಬೇಗ ಕಂಡುಕೊಂಡರು. ಅಂಥ ದೋಷವನ್ನು ತಿದ್ದುವ ಕಾಲವೆಂದರೆ ಬೇಸಿಗೆಯ ಬಿಡುವು. ಕಾರ್ಟರ್-ವಿಲಿಯಮ್ಸ್ ಅವರಿಗೆ ಆ ಬಿಡುವು ಭುಜದ ಶಸ್ತ್ರಚಿಕಿತ್ಸೆಯಲ್ಲಿ ಕಳೆಯಿತು. 2015ರ ಫೆಬ್ರವರಿಯಲ್ಲಿ, ಪ್ರಶಸ್ತಿ ಪಡೆದು ಒಂದು ವರ್ಷವೂ ತುಂಬುವ ಮೊದಲೇ, ಅವರನ್ನು ಮಿಲ್ವಾಕಿಗೆ ಕಳುಹಿಸಲಾಯಿತು.

ಯಾನಿಸ್ ಇದ್ದ ತಂಡವೂ ಒಳ್ಳೆಯದೇನಾಗಿರಲಿಲ್ಲ, ಆ ವರ್ಷ ಗೆದ್ದದ್ದು ಬರೀ 15 ಪಂದ್ಯ. ಆದರೆ ಅಲ್ಲಿ ಅವರಿಂದ ಯಾರೂ ಅವಸರದ ಫಲ ಕೇಳಲಿಲ್ಲ. ಅವರು ಸುಮಾರು 25 ನಿಮಿಷ ಆಡುತ್ತಿದ್ದರು, ತಪ್ಪು ಮಾಡುತ್ತಿದ್ದರು, ಆಯ್ಕೆಯಾದ ಮೇಲೂ ಎತ್ತರಕ್ಕೆ ಬೆಳೆಯುತ್ತಲೇ ಇದ್ದರು. 2016ರಲ್ಲಿ ತರಬೇತುದಾರ ಜೇಸನ್ ಕಿಡ್ ತಂಡದ ಆಟ ನಡೆಸುವ ಹೊಣೆಯನ್ನು ಈ ಎತ್ತರದ ಹುಡುಗನ ಕೈಗೇ ಕೊಟ್ಟರು, ಅದೂ ಆ ಕೆಲಸಕ್ಕೆಂದೇ ತರಿಸಿಕೊಂಡಿದ್ದ ಕಾರ್ಟರ್-ವಿಲಿಯಮ್ಸ್ ಅದೇ ತಂಡದಲ್ಲಿರುವಾಗ. ಮುಂದಿನದು ಎಲ್ಲರಿಗೂ ಗೊತ್ತು: 2019 ಮತ್ತು 2020ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ, 2021ರಲ್ಲಿ ಚಾಂಪಿಯನ್.

ಮೊಳಕೆಯಲ್ಲೇ ಸಿರಿ ಕಂಡ ಉದಾಹರಣೆಗಳು ಇಲ್ಲವೆಂದಲ್ಲ. ವಿಕ್ಟರ್ ವೆಂಬನ್ಯಾಮಾ 2024ರಲ್ಲಿ ಮೊದಲ ಸ್ಥಾನದ ಎಲ್ಲ ಮತಗಳನ್ನೂ ಪಡೆದು ಇದೇ ಪ್ರಶಸ್ತಿ ಗೆದ್ದಾಗ ವಾದಕ್ಕೆ ಜಾಗವೇ ಇರಲಿಲ್ಲ. ಅವರ ವಿಷಯದಲ್ಲಿ ನನಗೆ ಹಿಡಿಸಿದ್ದು 21.4 ಅಂಕ, 3.6 ಬ್ಲಾಕ್‌ಗಳ (ಎದುರಾಳಿಯ ಎಸೆತ ತಡೆದದ್ದು) ಸರಾಸರಿಗಿಂತ, ಸೀಸನ್ನಿನ ನಡುವೆಯೇ ಅವರ ತಂಡ ಸ್ಯಾನ್ ಆಂಟೋನಿಯೊ ಮಾಡಿಕೊಂಡ ತಿದ್ದುಪಡಿ. ಡಿಸೆಂಬರ್‌ನಲ್ಲಿ ಅವರನ್ನು ಬುಟ್ಟಿಯ ಹತ್ತಿರ ಆಡುವ ಸೆಂಟರ್ ಸ್ಥಾನಕ್ಕೆ ತಂದು, ಆಮೇಲೆ ನಿಜವಾದ ಪಾಯಿಂಟ್ ಗಾರ್ಡ್ ಒಬ್ಬರನ್ನು ಜೊತೆಗಿಟ್ಟ ಮೇಲೆ ಆಟದ ಚಹರೆಯೇ ಬದಲಾಯಿತು. ಹುಡುಗ ಅದೇ, ಮಡಿ ಮಾತ್ರ ಬೇರೆ.

ಇನ್ನು 2017ರ ರೂಕಿ ಪ್ರಶಸ್ತಿಯ ಫಲಿತಾಂಶದ ಬಗ್ಗೆ ಇಂದಿಗೂ ಜಗಳವಾಡುವವರಿದ್ದಾರೆ. ಜೋಯೆಲ್ ಎಂಬೀಡ್ 20.2 ಅಂಕಗಳ ಸರಾಸರಿ ಹೊಂದಿದ್ದರೂ ಆಡಿದ್ದು 31 ಪಂದ್ಯ ಮಾತ್ರ. ಡ್ರಾಫ್ಟ್‌ನಲ್ಲಿ 36ನೆಯವರಾಗಿದ್ದ ಮಾಲ್ಕಮ್ ಬ್ರಾಗ್ಡನ್ 75 ಪಂದ್ಯ ಆಡಿ, 10.2 ಅಂಕಗಳ ಸರಾಸರಿಯೊಂದಿಗೆ ಪ್ರಶಸ್ತಿ ಪಡೆದರು. ನಾನು ಬ್ರಾಗ್ಡನ್ ಪರ. ದಿನವೂ ಕೆಲಸಕ್ಕೆ ಬರುವುದೂ ಒಂದು ಪ್ರತಿಭೆಯೇ, ವಿಶೇಷವಾಗಿ ಕಾಲೇಜಿನಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯ ಆಡಿ ರೂಢಿಯಾದವರು ಒಮ್ಮೆಲೇ 82 ಪಂದ್ಯಗಳ ಗಾಣಕ್ಕೆ ಬಿದ್ದಾಗ.

2013ರ ಡ್ರಾಫ್ಟ್‌ನ ಹೊಸಬರಿಗೇ ಮರಳುವುದಾದರೆ, ಮೊದಲ ಆಯ್ಕೆಯಾಗಿದ್ದ ಆಂಥನಿ ಬೆನೆಟ್ 2017ರ ಹೊತ್ತಿಗೆ ಎನ್‌ಬಿಎಯಿಂದಲೇ ಹೊರಗಿದ್ದರು. ಮೊದಲ ವರ್ಷ 2.3 ಅಂಕಗಳ ಸರಾಸರಿ ಹೊಂದಿದ್ದ, ನಡುವೆ ಕೆಳಹಂತದ ಲೀಗ್‌ಗೂ ಹೋಗಿಬಂದ ರೂಡಿ ಗೊಬೇರ್ ಮುಂದೆ ನಾಲ್ಕು ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ಅತಿ ಹೆಚ್ಚು ಸುಧಾರಿಸಿದ ಆಟಗಾರನಿಗೆ ಕೊಡುವ ಪ್ರಶಸ್ತಿ 2016ರಲ್ಲಿ ಸಿ.ಜೆ. ಮೆಕಾಲಮ್, 2017ರಲ್ಲಿ ಯಾನಿಸ್, 2018ರಲ್ಲಿ ವಿಕ್ಟರ್ ಓಲಡಿಪೊ ಅವರಿಗೆ ಸಂದಿತು. ಮೂವರೂ 2013ರ ಡ್ರಾಫ್ಟ್‌ನವರೇ. ರೂಕಿ ಪ್ರಶಸ್ತಿಗೆ ಮತ ಹಾಕುವ ಪತ್ರಕರ್ತರಿಗೆ ಮೂರು ಹೆಸರು ಬರೆಯುವ ಅವಕಾಶವಿದ್ದು, ಕ್ರಮವಾಗಿ 5, 3, 1 ಅಂಕ ಸಿಗುತ್ತದೆ. ಆ ಸೀಸನ್ನಿನ ಮತದ ಚೀಟಿಯನ್ನು ನಾಲ್ಕು ವರ್ಷ ತಡವಾಗಿ ನನ್ನ ಕೈಗೆ ಕೊಟ್ಟಿದ್ದರೆ ಯಾನಿಸ್, ಗೊಬೇರ್, ಮೆಕಾಲಮ್ ಎಂದು ಬರೆಯುತ್ತಿದ್ದೆ. ಬರೆದ ಮೇಲೂ, ಮಯಾಮಿಯ ಕೈಯಿಂದ ಒಂದೇ ರಾತ್ರಿ ಒಂಬತ್ತು ಸಲ ಚೆಂಡು ಕಸಿದ ಹುಡುಗನಿಗೆ ಚೀಟಿಯಲ್ಲಿ ನಾಲ್ಕನೇ ಸಾಲು ಇಲ್ಲವಲ್ಲ ಎಂದು ಸ್ವಲ್ಪ ಹೊತ್ತು ಕೈ ತಡೆಯುತ್ತಿತ್ತು.