ಮರುದಿನವೇ ಬಾಯಿಬಿಡಿಸಬೇಡಿ

ದುರಂತವೋ ಭಯೋತ್ಪಾದಕ ದಾಳಿಯೋ ಆದ ಮರುದಿನವೇ ಸಿಬ್ಬಂದಿಯನ್ನೆಲ್ಲ ಕೂರಿಸಿ, ನಡೆದದ್ದನ್ನು ಹೇಳಿಸಬೇಕು ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ಇದೊಂದನ್ನು ನಾನು ಒಪ್ಪಲಾರೆ. ಒತ್ತಾಯ ಮಾಡಿ ಹೇಳಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯಲ್ಲೇ ಇದೆ. ಮೊದಲು ಬೇಕಾದ್ದು ನಿದ್ದೆ, ಮನೆಯವರ ಜೊತೆ, ಸಂಬಳ ನಿಲ್ಲಲ್ಲ ಅನ್ನುವ ಧೈರ್ಯ.

ನಮ್ಮ ಕಚೇರಿಯಲ್ಲಿ ಬೆಂಕಿ ಬಿದ್ದು ಎರಡು ತಿಂಗಳಾಗಿತ್ತು. ಸುಮ್ನೆ ಪರೀಕ್ಷೆಗೆ ಅಂತ ಅಲಾರಂ ಹೊಡೆದರು. ಪಕ್ಕದ ಸೀಟಿನವರ ಕೈಲಿದ್ದ ಲೋಟ ಬಿತ್ತು. ಮ್ಯಾನೇಜರ್ "ಇನ್ನೂ ಅದೇನಾ?" ಅಂದರು. ಬೆಚ್ಚಿಬೀಳೋದು, ಕೆಟ್ಟ ಕನಸು, ಆ ಜಾಗದ ಕಡೆ ಹೋಗದಿರೋದು ತಿಂಗಳು ದಾಟಿದರೂ ನಿಲ್ಲದಿದ್ದರೆ ಅದು ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯಾದ ಪಿಟಿಎಸ್‌ಡಿ ಇರಬಹುದು, ನಾಟಕವಲ್ಲ. ಜಾಸ್ತಿ ಜನ ತಾವಾಗಿಯೇ ಸರಿಹೋಗುತ್ತಾರೆ, ನಿಜ. ಉಳಿದವರಿಗೆ ಚಿಕಿತ್ಸೆ ಇದೆ. ಅಂದಹಾಗೆ, ಅಲಾರಂ ಹೊಡೆಯುತ್ತೇವೆ ಅಂತ ಮೊದಲೇ ಒಂದು ಮಾತು ತಿಳಿಸಬಹುದಿತ್ತು ಅಲ್ವಾ?