ದಿಲ್ಲಿ ಮುಂದೆ ಸೊಸೆ, ಜಿಲ್ಲೆ ಮುಂದೆ ಅತ್ತೆ

ನಿನ್ನೆ ಮದ್ದೂರು ಕಡೆ ಒಂದು ಬೀಗರೂಟ ಇತ್ತು. ಊಟದ ಬಗ್ಗೆ ಮಾತಿಲ್ಲ, ಚೆನ್ನಾಗಿತ್ತು. ಆದರೆ ಪಕ್ಕದಲ್ಲಿ ಕೂತಿದ್ದ ನನ್ನ ಷಡ್ಡಕನ ಮಗ ಒಂದು ಮಾತಾಡಿದ ನೋಡಿ, ಮುದ್ದೆ ಗಂಟಲಲ್ಲೇ ನಿಂತಿತು. ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರು. "ದೊಡ್ಡಪ್ಪ, ನಿಮ್ಮ ಫ್ರೀ ಬಸ್ಸು, ಫ್ರೀ ಕರೆಂಟು ಎಲ್ಲಾ ನಡೀತಿರೋದು ನಮ್ಮ ಬೆಂಗಳೂರಿನ ಟ್ಯಾಕ್ಸಲ್ಲಿ. ಮಂಡ್ಯದೋರು ಅದನ್ನ ಮರೀಬೇಡಿ" ಅಂದ. ನಗ್ತಾನೇ ಅಂದ. ಎದುರು ಪಂಕ್ತಿಯಲ್ಲಿದ್ದವರು ಹೌದೌದು ಅಂತ ತಲೆ ಆಡಿಸಿದರು. ಅವರೂ ಮಂಡ್ಯದವರೇ! ಇವನಪ್ಪ ಇವತ್ತಿಗೂ ಪಾಂಡವಪುರದಲ್ಲಿ ಕಬ್ಬು ಬೆಳೀತಾನೆ. ಅದಿರಲಿ, ಬಿಎಂಟಿಸಿಯಲ್ಲಿ ಫ್ರೀಯಾಗಿ ಓಡಾಡೋ ಹೆಣ್ಣುಮಕ್ಕಳೆಲ್ಲ ಮಂಡ್ಯದಿಂದ ಹೋದವರಾ?

ತಮಾಷೆ ಏನು ಗೊತ್ತಾ? 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರದವರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಇದೇ ಹುಡುಗ ಪ್ರೊಫೈಲ್ ಫೋಟೊಗೆ 'ನನ್ನ ತೆರಿಗೆ ನನ್ನ ಹಕ್ಕು' ಅಂತ ಹಾಕಿಕೊಂಡಿದ್ದ. ನಾನೂ ಲೈಕ್ ಒತ್ತಿದ್ದೆ. ಈಗ ಹಾಕಿದರೂ ಒತ್ತುತ್ತೇನೆ. ಯಾಕಂದ್ರೆ ದಿಲ್ಲಿಯವರು ನಮಗೆ ಮಾಡಿದ್ದು ಅನ್ಯಾಯವೇ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ 4.713 ಪರ್ಸೆಂಟ್ ಕೊಟ್ಟಿತ್ತು. 15ನೇ ಆಯೋಗ ಅದನ್ನ 3.647ಕ್ಕೆ ಇಳಿಸಿತು. ಅಷ್ಟು ಒಂದೇ ಏಟಿಗೆ ಹೋಯ್ತು. ಇದರ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕೋ ಸೆಸ್ಸು, ಸರ್‌ಚಾರ್ಜು ಬೇರೆ. ಅವುಗಳನ್ನ ರಾಜ್ಯಗಳ ಜೊತೆ ಹಂಚಿಕೊಳ್ಳಲೇಬೇಕು ಅಂತಿಲ್ಲ. ಹಾಗಾಗಿ 41 ಪರ್ಸೆಂಟ್ ಕೊಡ್ತೀವಿ ಅಂತ ಹೇಳ್ಕೊಳ್ಳೋದು, ಹಂಚೋ ಗಂಟನ್ನೇ ಚಿಕ್ಕದು ಮಾಡೋದು. ಇದಕ್ಕೆ ಸಿಟ್ಟು ಬರದಿದ್ದರೆ ಕನ್ನಡಿಗ ಹೇಗಾಗ್ತಾನೆ?

ಆದರೆ ನನ್ನ ಸಿಟ್ಟು ಅಲ್ಲಿಗೇ ನಿಲ್ಲೋದಿಲ್ಲ. ಸಮಸ್ಯೆ ಇರೋದೇ ಇಲ್ಲಿ.

15ನೇ ಆಯೋಗದ ಸೂತ್ರದಲ್ಲಿ 45 ಪರ್ಸೆಂಟ್ ತೂಕ ಇದ್ದಿದ್ದು ತಲಾ ಆದಾಯ ಎಷ್ಟು ಕಮ್ಮಿ ಅನ್ನೋದಕ್ಕೆ. ಬಡ ರಾಜ್ಯಕ್ಕೆ ಜಾಸ್ತಿ, ಇದ್ದವರಿಗೆ ಕಮ್ಮಿ. ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಅನ್ನೋದರ ಮೇಲೆ ಜಗಳ ಆಡೋಣ, ಆಡಲೇಬೇಕು. ಆದರೆ 'ಕಟ್ಟಿದವನಿಗೇ ಪೂರ್ತಿ ವಾಪಸ್' ಅನ್ನೋ ಲೆಕ್ಕಕ್ಕೆ ಇಳಿದರೆ ಅದು ಬಿಹಾರಕ್ಕೆ ಬಂದು ನಿಲ್ಲೋದಿಲ್ಲ. ರಾಯಚೂರಿಗೆ ಬರುತ್ತೆ, ಚಾಮರಾಜನಗರಕ್ಕೆ ಬರುತ್ತೆ, ನಿಮ್ಮಪ್ಪನ ಕಬ್ಬಿನ ಗದ್ದೆಗೂ ಬರುತ್ತೆ ಕಣಪ್ಪ.

ಬೆಂಗಳೂರಿನ ಟ್ಯಾಕ್ಸು ಅಂತೀರಲ್ಲ, ಅದರಲ್ಲಿ ಒಂದಷ್ಟು ಬೆಂಗಳೂರಿನ ಹೆಸರಲ್ಲಿ ಜಮೆ ಆಗೋದು ಕಂಪನಿಯ ಹೆಡ್ ಆಫೀಸು ಅಲ್ಲಿದೆ ಅಂತ. ಸರಕು ಮಂಡ್ಯದಲ್ಲಿ ಖರ್ಚಾಗಲಿ, ಮಂಗಳೂರಲ್ಲಿ ಖರ್ಚಾಗಲಿ, ಲಾಭದ ಮೇಲಿನ ತೆರಿಗೆ ಕಟ್ಟೋದು ಅಲ್ಲಿಂದಲೇ. ಇನ್ನು ನೀರು. ಬೆಂಗಳೂರಿನ ನಲ್ಲಿಗೆ ಕಾವೇರಿ ಹತ್ತೋದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರು. 2024ರ ಅಕ್ಟೋಬರಿನಲ್ಲಿ 5ನೇ ಹಂತ ಉದ್ಘಾಟನೆ ಆಯ್ತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಜಾಸ್ತಿ. ಕುಡಿಯೋ ನೀರಿಗೆ ನಾವು ಅಡ್ಡಿ ಮಾಡಲಿಲ್ಲ, ಮಾಡೋದೂ ಇಲ್ಲ. 1902ರಲ್ಲೂ ಹಿಂಗೇ. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. ನಮ್ಮ ಹಳ್ಳಿಗಳಲ್ಲಿ ಅದಾದ ಮೇಲೂ ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯೇ. ಇದಕ್ಕೆಲ್ಲ ಬಿಲ್ಲು ಹರಿದು ಕಳಿಸಲಾ? 2023ರಲ್ಲಿ ಮಳೆ ಕೈಕೊಟ್ಟು, ಕನ್ನಂಬಾಡಿ ಕಟ್ಟೆ ನೀರಿಗೋಸ್ಕರ ಮಂಡ್ಯ ಬಂದ್ ಆದಾಗ ಅಲ್ಲಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ರೈತ ಏನು ಮಾಡ್ತಿದ್ದ ಅಂತ ಯಾವ ಟೆಕ್ ಪಾರ್ಕಿನವರೂ ಕೇಳಲಿಲ್ಲ.

ಮಂಡ್ಯದವರು ಈಗಲೇ ಚಪ್ಪಾಳೆ ಹೊಡೀಬೇಡಿ. ನಿಮಗೂ ಇದೆ. ಕಲಬುರಗಿ, ರಾಯಚೂರು ಕಡೆಯ ಜಿಲ್ಲೆಗಳಿಗೆ ಕೆಲಸ, ಸೀಟಲ್ಲಿ ಮೀಸಲಾತಿ ಕೊಡೋ ಸಂವಿಧಾನದ 371ಜೆ ವಿಧಿ ಅಂದ ಕೂಡಲೇ 'ನಮ್ಮ ಹುಡುಗರ ಕೆಲಸ ಹೋಯ್ತು' ಅಂತ ಗೊಣಗೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯ ಆಗಿದ್ದು 1980ರಲ್ಲಿ. ನಮ್ಮ ತಾತಂದಿರು ಕನ್ನಂಬಾಡಿ ನೀರಲ್ಲಿ ಭತ್ತ ನಾಟಿ ಮಾಡ್ತಿದ್ದಾಗ ಅಲ್ಲಿಯವರು ನಿಜಾಮನ ಕೆಳಗೆ ಕನ್ನಡ ಶಾಲೆಗೆ ಪರದಾಡುತ್ತಿದ್ದರು. ಪ್ರಾದೇಶಿಕ ಅಸಮತೋಲನ ನೋಡೋಕೆ ಅಂತ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಬರೆದುಕೊಟ್ಟಿತು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ಅವರು ನಮ್ಮನ್ನ ನೋಡಿ 'ನೀವು ನಮ್ಮ ಪಾಲು ತಿಂದಿರಿ' ಅಂದರೆ ನಮ್ಮ ಹತ್ತಿರ ಏನಿದೆ ಉತ್ತರ?

ಈಗ ನನ್ನ ಮುಖ್ಯ ಹೊಟ್ಟೆಯುರಿಗೆ ಬರ್ತೀನಿ. ನಾನು ಜಿಲ್ಲೆಯ ಸರ್ಕಾರಿ ಕಚೇರಿಯಲ್ಲಿ ಬಿಲ್ಲು ನೋಡೋ ಸೆಕ್ಷನ್ನಿನಲ್ಲಿ ಕೂತು ರಿಟೈರ್ ಆದವನು. ಮಾರ್ಚ್ ಎಂಡ್ ಬಂತೆಂದರೆ ಬೆಂಗಳೂರಿನಿಂದ ಫೋನು: ಇಷ್ಟು ಹಣ ಬಿಡುಗಡೆ ಆಗಿದೆ, ಇದನ್ನ ಇಂಥದ್ದಕ್ಕೇ ಖರ್ಚು ಮಾಡಿ, ಮಾಡದಿದ್ದರೆ ಲ್ಯಾಪ್ಸ್. ಊರಲ್ಲಿ ಬೇಕಾಗಿರೋದು ಒಂದು ಮೋರಿ. ಬಂದಿರೋ ಹಣ ಇನ್ಯಾವುದೋ ಲೆಕ್ಕ ಶೀರ್ಷಿಕೆಯಲ್ಲಿ. ಮೋರಿಗೆ ಮುಟ್ಟಂಗಿಲ್ಲ. ಎಷ್ಟು ಸಲ ಹಲ್ಲು ಕಚ್ಚಿಕೊಂಡು ಆ ಬಿಲ್ಲುಗಳಿಗೆ ಸಹಿ ಹಾಕಿದ್ದೀನೋ. 'ದಿಲ್ಲಿಯವರು ಷರತ್ತು ಹಾಕಿ ದುಡ್ಡು ಕೊಡ್ತಾರೆ, ನಮ್ಮ ದುಡ್ಡು ನಮಗೆ ಬೇಕಾದಂಗೆ ಖರ್ಚು ಮಾಡೋಕೆ ಬಿಡಲ್ಲ' ಅಂತ ವಿಧಾನಸೌಧದಲ್ಲಿ ಭಾಷಣ ಮಾಡೋರು ಜಿಲ್ಲೆಗಳಿಗೆ ಮಾಡೋದು ಅದನ್ನೇ, ಅಲ್ವಾ?

ಇದೇ ಕರ್ನಾಟಕ ಒಂದು ಕಾಲಕ್ಕೆ ದೇಶಕ್ಕೇ ದಾರಿ ತೋರಿಸಿತ್ತು. ಆಗ ಪಂಚಾಯಿತಿ ಮಂತ್ರಿಯಾಗಿದ್ದ ನಜೀರ್ ಸಾಬರ ಪಂಚಾಯಿತಿ ಕಾಯ್ದೆ ಬಂದಿದ್ದು 1983ರಲ್ಲಿ. 1987ರಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಪಂಚಾಯಿತಿ ವ್ಯವಸ್ಥೆ ತಂದ ಸಂವಿಧಾನದ 73ನೇ ತಿದ್ದುಪಡಿ ಆಮೇಲೆ, 1992ರಲ್ಲಿ. ಅಂಥ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ ಅಂತೆ, ಮೀಸಲಾತಿ ಪಟ್ಟಿ ಅಂತೆ, ಕೋರ್ಟಂತೆ. ಆಗ ಆ ಪಕ್ಷ, ಈಗ ಈ ಪಕ್ಷ. ಕಾಮೆಂಟಲ್ಲಿ ಪಕ್ಷ ಎಳಕೊಂಡು ಬರೋರು ದಯವಿಟ್ಟು ಸುಮ್ನಿರಿ, ಇಬ್ಬರೂ ಕೂಡಿಯೇ ಮಾಡಿದ ಕೆಲಸ ಇದು. ಮೈಸೂರು ಪಾಲಿಕೆಯದೂ ಅದೇ ಕತೆ, 2023ರಲ್ಲಿ ಅವಧಿ ಮುಗಿದ ಮೇಲೆ ಅಧಿಕಾರಿಯ ಆಡಳಿತ. ಇನ್ನೊಂದು ಚೆಂದ ಕೇಳಿ. ಚುನಾಯಿತ ಮಂಡಳಿ ಇಲ್ಲದ ಸ್ಥಳೀಯ ಸಂಸ್ಥೆಗೆ 15ನೇ ಹಣಕಾಸು ಆಯೋಗದ ಅನುದಾನ ಇಲ್ಲ ಅನ್ನೋದು ನಿಯಮ ಆಗಿತ್ತು. ಯಾವ ಆಯೋಗ ನಮಗೆ ಮೋಸ ಮಾಡಿತು ಅಂತ ದಿಲ್ಲಿಗೆ ಹೋಗಿ ಕೂಗಿದೆವೋ, ಅದು ಹಳ್ಳಿಗಳಿಗೆ ಅಂತ ಇಟ್ಟ ದುಡ್ಡಿನ ಒಂದು ಪಾಲಿಗೆ ನಾವೇ ಬಾಗಿಲು ಹಾಕಿಕೊಂಡು ಕೂತಿದ್ದು!

ಗೊತ್ತು, ಒಬ್ಬರಾದರೂ ಬರೀತೀರಿ: 'ಸಾರ್, ಜಿಲ್ಲಾ ಪಂಚಾಯಿತಿಗೆ ದುಡ್ಡು, ಅಧಿಕಾರ ಕೊಟ್ರೆ ಲೋಕಲ್ ಲೀಡರುಗಳು ನುಂಗಿ ನೀರು ಕುಡೀತಾರೆ.' ಕುಡೀತಾರೆ, ಕೆಲವರು ಖಂಡಿತ ಕುಡೀತಾರೆ, ನಾನು ಕಣ್ಣಾರೆ ನೋಡಿದ್ದೀನಿ. ಆದರೆ ಬೆಂಗಳೂರಲ್ಲಿ ಕೂತವರು ಉಪವಾಸ ಇದ್ದಾರಾ? ರಾಜ್ಯಗಳಿಗೆ ಜಾಸ್ತಿ ದುಡ್ಡು ಕೊಟ್ಟರೆ ಹಾಳು ಮಾಡ್ತಾರೆ ಅಂತ ದಿಲ್ಲಿಯಲ್ಲಿ ಯಾರಾದರೂ ಅಂದರೆ ನಿಮಗೆ ಮೈಯೆಲ್ಲ ಉರಿಯುತ್ತೆ. ಅದೇ ಮಾತನ್ನ ನಾಗಮಂಗಲದ ಬಗ್ಗೆ ನೀವು ಅಂದರೆ ಅದು ಅನುಭವದ ಮಾತು!

ನನ್ನ ಪಿಂಚಣಿಯೂ ಆ ಬೆಂಗಳೂರಿನ ತೆರಿಗೆಯಲ್ಲೇ ಬರೋದು, ಗೊತ್ತಿದೆ. ನನ್ನ ಮಗಳೂ ಅಲ್ಲೇ ಟ್ಯಾಕ್ಸ್ ಕಟ್ತಾಳೆ. ಬೆಂಗಳೂರಿನ ಮೇಲೆ ನನಗೆ ದ್ವೇಷ ಇಲ್ಲ, ಅಲ್ಲಿನ ಟ್ರಾಫಿಕ್ಕಿನ ಮೇಲೆ ಮಾತ್ರ ಇದೆ. ನಾನು ಕೇಳ್ತಿರೋದು ಇಷ್ಟೇ: ದಿಲ್ಲಿಯ ಹತ್ತಿರ ಯಾವ ತಕ್ಕಡಿ ಹಿಡಿದು ಕೇಳ್ತೀರೋ ಅದೇ ತಕ್ಕಡಿಯಲ್ಲಿ ಜಿಲ್ಲೆಗಳಿಗೂ ಅಳೀರಿ. ದಿಲ್ಲಿಯ 16ನೇ ಹಣಕಾಸು ಆಯೋಗದ ಅಧ್ಯಕ್ಷರಾಗಿದ್ದ ಪನಗರಿಯಾ ಹೆಸರು ಈಗ ಟೀ ಅಂಗಡಿಯಲ್ಲೂ ಗೊತ್ತು. ದಿಲ್ಲಿಯಲ್ಲಿ ಇರೋ ಹಾಗೆ ರಾಜ್ಯದಲ್ಲೂ ಒಂದು ಹಣಕಾಸು ಆಯೋಗ ಇರುತ್ತೆ. ರಾಜ್ಯದ ದುಡ್ಡಲ್ಲಿ ಪಂಚಾಯಿತಿಗೆ ಎಷ್ಟು, ಪುರಸಭೆಗೆ ಎಷ್ಟು ಅಂತ ಅದು ಶಿಫಾರಸು ಮಾಡುತ್ತೆ. ಅದು ಹೇಳಿದ್ದರಲ್ಲಿ ಸರ್ಕಾರ ಎಷ್ಟು ಕೊಟ್ಟಿತು, ಎಷ್ಟು ಕೊಡಲಿಲ್ಲ ಅಂತ ಯಾರಾದರೂ ಒಂದೇ ಒಂದು ಪೋಸ್ಟ್ ಹಾಕಿದ್ದರೆ ಕೆಳಗೆ ಲಿಂಕ್ ಕೊಡಿ, ನಾನೇ ಶೇರ್ ಮಾಡ್ತೀನಿ.